ಭೂತಕ್ರಿಯೆಯ ವಿಚಾರ

ಕಳೆದುಹೋದ ಕಾಲವನ್ನು ಹಿಂದಕ್ಕೆ ತರುವ ಶಕ್ತಿ ಯಾರಿಗೂ ಇಲ್ಲ. ಆದರೆ ಕಳೆದುದನ್ನು ನಡೆದಂತೆಯೇ ಹೇಳುವ ಶಕ್ತಿಯು ಮನುಷ್ಯನಿಗೆ ಭಾಷೆಯ ಮೂಲಕ ದೊರಕಿದೆ. ಅದಕ್ಕೆ ಸಾಧನವಾದ ಪದವನ್ನು ವೈಯಾಕರಣರು ಭೂತಕಾಲದ ಕ್ರಿಯಾಪದವೆಂದು ಕರೆದರು. ಈ ಪದವು ಸಾಮಾನ್ಯವಾದುದೆಂದೂ ಬಾಲಕರ ಪಾಠಕ್ಕೆ ಮಾತ್ರ ಸೇರಿದುದೆಂದೂ ಬಹುಮಂದಿ ಎಣಿಸುವುದುಂಟು. ಅದರ ಚರಿತ್ರೆಯನ್ನು ನೋಡಿದರೆ ಈ ಎಣಿಕೆಯು ನಿಲ್ಲುವುದಿಲ್ಲ.

ಕಡೂರು ಸೀಮೆಯ ಚೌಳಹಿರಿಯೂರಿನಂತಹ ಬಯಲುನಾಡಿನ ಊರುಗಳಲ್ಲಿ ಭೂತಕ್ರಿಯೆಯು ಮೂರು ವೇಷಗಳಲ್ಲಿ ಎದುರಾಗುತ್ತದೆ. ಈ ಸೀಮೆಯ ದೇವಾಲಯಗಳ ಬಳಿಯಲ್ಲಿಯೂ ಕೆರೆಯ ಏರಿಗಳ ಮೇಲೂ ನಿಂತಿರುವ ಶಾಸನದ ಕಲ್ಲುಗಳಲ್ಲಿ ಅದು ‘ಬಿಟ್ಟರು’, ‘ಕೊಟ್ಟರು’, ‘ಮಾಡಿಸಿದರು’ ಎಂದಿರುತ್ತದೆ. ಮನೆಯ ಹಿರಿಯರು ಮಕ್ಕಳಿಗೆ ಹೇಳುವ ಕಥೆಯಲ್ಲಿ ಅದು ‘ಒಬ್ಬ ರಾಜನಿದ್ದನಂತೆ’ ಎಂದಿರುತ್ತದೆ. ಶಾಲೆಯ ಜಗಲಿಯಲ್ಲಿ ಹುಡುಗರು ಮಗ್ಗಿಯ ರಾಗದಲ್ಲಿ ಒಪ್ಪಿಸುವಾಗ ಅದು ‘ಗೋ, ವೆಂಟ್, ಗಾನ್’ ಎಂದಿರುತ್ತದೆ. ಮೂರೂ ಕಳೆದ ಕಾಲವನ್ನೇ ಹೇಳುವುವು. ಆದರೆ ಹೇಳುವ ಕ್ರಮದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಬಹಳ ಅಂತರವಿದೆ. ಆ ಅಂತರವನ್ನು ಅರಿಯದಿದ್ದುದರಿಂದಲೇ ಒಂದೂವರೆ ಶತಮಾನಕ್ಕೂ ಮೇಲ್ಪಟ್ಟು ಕನ್ನಡದ ಬಾಲಕರು ಇಂಗ್ಲಿಷಿನ ಭೂತಕಾಲದಲ್ಲಿ ಎಡವಿದರು. ಕನ್ನಡ ಕಲಿಯಲು ಬಂದ ಇಂಗ್ಲಿಷರೂ ಕನ್ನಡದ ಭೂತಕಾಲದಲ್ಲಿ ಅಷ್ಟೇ ಎಡವಿದರು.

ಮೊದಲು ಸಂಸ್ಕೃತದ ಕ್ರಮವನ್ನು ನೋಡುವುದು ಉಚಿತ. ಪಾಣಿನಿಯು ಭೂತಕಾಲಕ್ಕೆ ಒಂದಲ್ಲ, ಮೂರು ಲಕಾರಗಳನ್ನು ವಿಧಿಸಿದನು. ಸಾಮಾನ್ಯವಾಗಿ ಕಳೆದುದಕ್ಕೆ ಲುಙ್. ಇಂದಿನದಲ್ಲದ, ಅಂದರೆ ಅನದ್ಯತನವಾದ ಭೂತಕ್ಕೆ ಲಙ್. ಹೇಳುವವನ ಕಣ್ಣಿಗೆ ಬೀಳದೆ ನಡೆದ ಪರೋಕ್ಷಭೂತಕ್ಕೆ ಲಿಟ್. ಆದುದರಿಂದ ಪಾಣಿನಿಯ ಕಾಲದ ಶಿಷ್ಟನು ಒಂದು ಸಂಗತಿಯನ್ನು ಹೇಳುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗಿತ್ತು: ಇದು ಇಂದು ನಡೆಯಿತೋ ಹಿಂದೆ ನಡೆಯಿತೋ? ಇದನ್ನು ಕಂಡುದುಂಟೋ ಇಲ್ಲವೋ? ತಾನು ಮಾಡಿದ ಕೆಲಸವು ತನಗೆ ಪರೋಕ್ಷವಾಗಲಾರದಾದುದರಿಂದ ಉತ್ತಮಪುರುಷದಲ್ಲಿ ಲಿಟ್ಟಿಗೆ ಎಡೆಯಿಲ್ಲವಲ್ಲಾ ಎಂಬ ಶಂಕೆಯನ್ನು ವ್ಯಾಖ್ಯಾನಕಾರರು ಎತ್ತಿ, ನಿದ್ದೆಯಲ್ಲಿಯೋ ಮತ್ತಿನಲ್ಲಿಯೋ ತಾನು ಪ್ರಲಾಪಿಸಿದುದನ್ನು ಹೇಳುವಾಗ ಮಾತ್ರ ಅದು ಸಲ್ಲುವುದೆಂದು ವಿನೋದವಾಗಿ ಸಮಾಧಾನ ಹೇಳಿದರು.

ಈ ಸೂಕ್ಷ್ಮದಿಂದ ಚರಿತ್ರೆಗೆ ಒಂದು ದೊಡ್ಡ ಉಪಕಾರವಾಯಿತು. ಸಂಗತಿಯು ಹೇಳುವವನ ಕಣ್ಣಿಗೆ ಬೀಳದಿದ್ದರೂ, ಅದು ಲೋಕಪ್ರಸಿದ್ಧವಾಗಿದ್ದು, ಅವನ ಕಾಲದಲ್ಲಿಯೇ ನಡೆದು, ಬೇಕೆಂದರೆ ನೋಡಬಹುದಾಗಿದ್ದ ಪಕ್ಷದಲ್ಲಿ, ಲಿಟ್ಟನ್ನು ಬಿಟ್ಟು ಲಙ್ಙನ್ನೇ ಬಳಸತಕ್ಕದ್ದೆಂದು ವಾರ್ತಿಕಕಾರನು ಹೇಳಿದನು. ಅದಕ್ಕೆ ಮಹಾಭಾಷ್ಯದಲ್ಲಿ ಪತಂಜಲಿಯು ಕೊಟ್ಟ ಉದಾಹರಣೆಯಲ್ಲಿ ಯವನನು ಸಾಕೇತವನ್ನು ಮುತ್ತಿದ ಸಂಗತಿ ಬರುತ್ತದೆ. ಹಾಗಾದರೆ ಆ ಮುತ್ತಿಗೆಯು ಪತಂಜಲಿಯ ಜೀವಿತಕಾಲದಲ್ಲಿಯೇ ನಡೆದಿರಬೇಕು! 1861ರಲ್ಲಿ ಗೋಲ್ಡ್‌ಸ್ಟೂಕರ್ ಎಂಬ ವಿದ್ವಾಂಸನು ಈ ಒಂದು ಕ್ರಿಯಾಪದವನ್ನು ಹಿಡಿದು ಪತಂಜಲಿಯ ಕಾಲವನ್ನು ನಿರ್ಣಯಿಸಲು ಹೊರಟನು. ಕ್ರಿಸ್ತಪೂರ್ವ ಎರಡನೆಯ ಶತಮಾನದವನು ಪತಂಜಲಿಯೆಂದು ಹೇಳುವವರು ಇಂದಿಗೂ ಮುಂದಿಡುವ ಆಧಾರಗಳಲ್ಲಿ ಇದೂ ಒಂದು.

ಕನ್ನಡನಾಡಿಗೆ ಇನ್ನೂ ಹತ್ತಿರದ ನಿದರ್ಶನವೊಂದುಂಟು. ಜೈನ ಶಾಕಟಾಯನನು ತನ್ನ ವ್ಯಾಕರಣದಲ್ಲಿ ಇದೇ ನಿಯಮವನ್ನು ಹೇಳಿ, ಅಮೋಘವೃತ್ತಿಯಲ್ಲಿ ಅಮೋಘವರ್ಷನು ಹಗೆಗಳನ್ನು ಸುಟ್ಟುದನ್ನು ಉದಾಹರಿಸಿದನು. ಅಮೋಘವರ್ಷನೆಂದರೆ ಮಾನ್ಯಖೇಟದಲ್ಲಿ 814ರಿಂದ 878ರ ವರೆಗೆ ಆಳಿದ ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನೇ; ಕವಿರಾಜಮಾರ್ಗವು ಹುಟ್ಟಿದ ಆಸ್ಥಾನವೂ ಆತನದೇ. ಆ ಕವಿರಾಜಮಾರ್ಗವನ್ನು 1898ರಲ್ಲಿ ಅಚ್ಚಿಗೆ ತಂದ ಕಾಶೀನಾಥ ಬಾಪೂಜಿ ಪಾಠಕರು ಈ ಲಙ್ ಪ್ರಯೋಗವನ್ನೇ ಸಾಕ್ಷಿಯಾಗಿ ಹಿಡಿದು, ಶಾಕಟಾಯನನು ಅಮೋಘವರ್ಷನ ಸಮಕಾಲೀನನೆಂದು ಸಾಧಿಸಿದರು. ಮುಂದೆ ಗುಜರಾತಿನ ಹೇಮಚಂದ್ರನು ತನ್ನ ದೊರೆಯಾದ ಸಿದ್ಧರಾಜನು ಅವಂತಿಯನ್ನು ಮುತ್ತಿದುದನ್ನು ಇದೇ ಸ್ಥಾನದಲ್ಲಿ ಉದಾಹರಿಸಿದನು. ಬೇರೆ ಲಕಾರವನ್ನು ಬಳಸಿದ್ದರೆ ಆ ಸಾಕ್ಷ್ಯವೇ ಇರುತ್ತಿರಲಿಲ್ಲ. ಭೂತಕ್ರಿಯೆಯನ್ನು ತಪ್ಪಿಲ್ಲದೆ ಪ್ರಯೋಗಿಸುವುದರಿಂದ ಪ್ರಯೋಜನವೇನೆಂದು ಕೇಳುವವರಿಗೆ ಇದೇ ಉತ್ತರವಾದೀತು.

ಇನ್ನು ಕನ್ನಡದ ವಿಚಾರ. ಹಾಸನ ಸೀಮೆಯ ಬೇಲೂರಿನ ಕಡೆಯ ಹಲ್ಮಿಡಿಯಲ್ಲಿ ದೊರೆತ, ಸುಮಾರು 450ನೆಯ ಇಸವಿಯದೆಂದು ಎಣಿಸಲ್ಪಟ್ಟಿರುವ ಶಾಸನದಲ್ಲಿಯೇ ಕನ್ನಡದ ಭೂತಕ್ರಿಯೆಯು ಸಿದ್ಧರೂಪದಲ್ಲಿ ನಿಂತಿದೆ. ಅದರಲ್ಲಿ ದಾನವನ್ನು ಹೇಳುವ ಮಾತು ‘ಕೊಟ್ಟಾರ್’ ಎಂಬುದು. ದಾನವನ್ನು ಅಳಿಯುವವನಿಗೆ ಪಾತಕವನ್ನು ವಿಧಿಸುವಾಗ ಕ್ರಿಯೆಯು ಭೂತವನ್ನು ಬಿಟ್ಟು ಭವಿಷ್ಯಕ್ಕೆ ತಿರುಗುತ್ತದೆ. ಕೊಟ್ಟುದು ಮುಗಿದ ಸಂಗತಿ. ಅಳಿಯುವವನು ಇನ್ನು ಮುಂದೆ ಬರತಕ್ಕವನು. ಈ ವ್ಯವಸ್ಥೆಯು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಕನ್ನಡ ಶಾಸನಗಳಲ್ಲಿ ನಡೆದುಬಂದಿತು. 1901ರಲ್ಲಿ ಬಿ. ಎಲ್. ರೈಸರು ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ತೆರೆದು ನೋಡಿದವರಿಗೆ, ಭೂಮಿಯನ್ನು ಬಿಟ್ಟವರ ಹೆಸರುಗಳ ಹಿಂದೆ ಇದೇ ಕ್ರಿಯೆಯು ಮತ್ತೆ ಮತ್ತೆ ಕಾಣಿಸುವುದು.

ಈ ಪದಗಳಿಗೆ ಶಾಸ್ತ್ರವನ್ನು ಕಟ್ಟಿದವರಲ್ಲಿ ಹದಿಮೂರನೆಯ ಶತಮಾನದ ಕೇಶಿರಾಜನು ಪ್ರಧಾನನು. ಶಬ್ದಮಣಿದರ್ಪಣದ ಆಖ್ಯಾತಪ್ರಕರಣದಲ್ಲಿ ಅವನು ಭೂತಕ್ಕೆ ‘ದ’ ಎಂದೂ, ಭವಿಷ್ಯಕ್ಕೆ ‘ವ’ ಎಂದೂ, ವರ್ತಮಾನಕ್ಕೆ ‘ದಪ’ ಎಂದೂ ಪ್ರತ್ಯಯಗಳನ್ನು ವ್ಯವಸ್ಥೆಗೊಳಿಸಿದನು. ‘ದ’ ಎಂಬ ಒಂದಕ್ಷರವು ಧಾತುವನ್ನು ಸೇರುವಾಗ ಅನೇಕ ವಿಕಾರಗಳನ್ನು ಹೊಂದುವುದು. ಮಾಡು ಎಂಬುದು ಮಾಡಿದ ಎಂದಾದರೆ, ಬರು ಎಂಬುದು ಬಂದ, ತಿನ್ನು ಎಂಬುದು ತಿಂದ, ಬಿಡು ಎಂಬುದು ಬಿಟ್ಟ, ನಗು ಎಂಬುದು ನಕ್ಕ, ಬೀಳು ಎಂಬುದು ಬಿದ್ದ ಎಂದಾಗುವುವು. ಪರಕೀಯನಿಗೆ ಇವೆಲ್ಲ ಅಡ್ಡಾದಿಡ್ಡಿಯಾಗಿ ತೋರಬಹುದು. ಆದರೆ ಬಿಡು, ನೆಡು, ಸುಡು, ಕೊಡು ಇವುಗಳನ್ನು ಒಂದು ಸಾಲಿನಲ್ಲಿಯೂ, ನಗು, ಹೊಗು, ಸಿಗು ಇವುಗಳನ್ನು ಇನ್ನೊಂದು ಸಾಲಿನಲ್ಲಿಯೂ ಇಟ್ಟು ನೋಡಿದರೆ ಒಂದೊಂದು ಕುಟುಂಬಕ್ಕೂ ಒಂದೊಂದು ಕಟ್ಟಳೆಯಿರುವುದು ಸ್ಪಷ್ಟವಾಗುತ್ತದೆ. 1604ರಲ್ಲಿ ಭಟ್ಟಾಕಳಂಕನು 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡಕ್ಕೆ ಶಬ್ದಾನುಶಾಸನವನ್ನು ರಚಿಸಿದಾಗ ಈ ವ್ಯವಸ್ಥೆಗೆ ಪಾಣಿನೀಯ ಮರ್ಯಾದೆಯೂ ದೊರಕಿತು.

ಇಲ್ಲಿ ಗಮನಿಸಬೇಕಾದ ಒಂದು ವಿಶೇಷವುಂಟು. ಇಂದಿನದೋ ಹಿಂದಿನದೋ ಎಂಬ ಭೇದವನ್ನು ಕನ್ನಡದ ಪ್ರತ್ಯಯವು ಕೇಳುವುದಿಲ್ಲ. ‘ಬಂದನು’ ಎಂಬುದು ಈಗತಾನೆ ಬಂದವನಿಗೂ, ನೂರು ವರ್ಷಗಳ ಹಿಂದೆ ಬಂದವನಿಗೂ ಸಲ್ಲುವುದು. ಅದಕ್ಕೆ ಬದಲಾಗಿ ‘ಬಂದ’ ಎಂಬ ಒಂದೇ ಭೂತರೂಪವನ್ನು ಬೀಜವಾಗಿಟ್ಟುಕೊಂಡು ಕನ್ನಡವು ನಾನಾ ಅರ್ಥಗಳನ್ನು ಬೆಳೆಯುತ್ತದೆ. ಬಂದ ಮೇಲೆ ಇನ್ನೂ ಇಲ್ಲಿಯೇ ಇರುವವನು ‘ಬಂದಿದ್ದಾನೆ’. ಬಂದು ಹೊರಟುಹೋದವನು ‘ಬಂದಿದ್ದನು’. ಬರುವುದು ನಿಶ್ಚಯವಿಲ್ಲದಿದ್ದರೆ ‘ಬಂದರೆ’. ಬರಬಹುದೆಂಬ ಊಹೆಯಾದರೆ ‘ಬಂದಾನು’. ಬರಗಾಲದ ವರ್ಷದಲ್ಲಿ ಬಯಲುಸೀಮೆಯ ರೈತನು ಮುಗಿಲನ್ನು ನೋಡಿ ‘ಮಳೆ ಬಂದೀತು’ ಎನ್ನುವಾಗ ಅವನ ಬಾಯಲ್ಲಿರುವುದು ಭೂತದ ರೂಪ, ಮನಸ್ಸಿನಲ್ಲಿರುವುದು ಮುಂದಿನ ಆಸೆ. ಹೊರಗಿನಿಂದ ಕರೆದವರಿಗೆ ‘ಇಗೋ ಬಂದೆ’ ಎಂದು ಉತ್ತರ ಕೊಡುವವನು ಇನ್ನೂ ಬಂದಿರುವುದಿಲ್ಲ. ಆಶಂಸೆಯಿರುವಲ್ಲಿ ಮುಂದೆ ಆಗತಕ್ಕುದನ್ನು ಭೂತದಂತೆಯೂ ಹೇಳಬಹುದೆಂದು ಪಾಣಿನಿಯು ಅನುಮತಿಸಿರುವುದನ್ನು ಇಲ್ಲಿ ನೆನೆಯಬಹುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಷೆಯನ್ನು ಕಲಿಯಬೇಕಾದ ಅವಶ್ಯಕತೆಯು ಇಂಗ್ಲಿಷರಿಗೆ ಒದಗಿತು. 1817ರಲ್ಲಿ ವಿಲಿಯಂ ಕೇರಿಯು ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿದನು. 1820ರಲ್ಲಿ ಮದರಾಸಿನಿಂದ ಮ್ಯಾಕೆರೆಲ್ಲನ ವ್ಯಾಕರಣವು ಹೊರಟಿತು. 1838ರಲ್ಲಿ ಕೃಷ್ಣಮಾಚಾರ್ಯರ ಹೊಸಗನ್ನಡ ನುಡಿಗನ್ನಡಿಯು ಪ್ರಕಟವಾಯಿತು. ಆಮೇಲೆ ವೆಸ್ಲಿಯನ್ ಮಿಷನ್ನಿನ ಹಾಡ್ಸನ್ನನ ವ್ಯಾಕರಣವು ಬಂದಿತು. ಇವುಗಳಲ್ಲಿ ಇಂಗ್ಲಿಷರು ಬರೆದ ಆರಂಭದ ಗ್ರಂಥಗಳು ತಮ್ಮ ಕಾಲವಿಭಾಗವನ್ನೇ ಅಳತೆಗೋಲಾಗಿ ಹಿಡಿದು, ಅದರ ಒಂದೊಂದು ಮನೆಗೂ ಕನ್ನಡದ ಒಂದೊಂದು ರೂಪವನ್ನು ತುಂಬಲು ಯತ್ನಿಸಿದುವು. ಹಾಗೆ ಮಾಡುವಾಗ ‘ಬಂದಾನು’ ಎಂಬುದು ಯಾವ ಮನೆಗೆ ಸೇರಬೇಕೆಂಬುದು ಕಷ್ಟವಾಯಿತು. ‘ಬಿಟ್ಟ’, ‘ನಕ್ಕ’ ಮುಂತಾದವು ಕ್ರಮತಪ್ಪಿದ ರೂಪಗಳ ಪಟ್ಟಿಗೆ ಬಿದ್ದುವು. ದೇಶೀಯ ಶಾಸ್ತ್ರವನ್ನು ಮುಂದಿಟ್ಟುಕೊಂಡು ಈ ತೊಡಕನ್ನು ಬಿಡಿಸಿದವರಲ್ಲಿ ಕಿಟ್ಟೆಲ್ಲರು ಅಗ್ರಗಣ್ಯರು. ಅವರು 1872ರಲ್ಲಿ ಮಂಗಳೂರಿನಲ್ಲಿ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿ ಅಚ್ಚುಹಾಕಿಸಿದರು. 1894ರಲ್ಲಿ ಅವರ ನಿಘಂಟು ಹೊರಬಂದಿತು. 1903ರಲ್ಲಿ, ತಮ್ಮ ಆಯುಸ್ಸಿನ ಕೊನೆಯ ವರ್ಷದಲ್ಲಿ, ಕೇಶಿರಾಜನ ಸೂತ್ರಗಳನ್ನು ಆಧಾರವಾಗಿಟ್ಟುಕೊಂಡು ಬರೆದ ವ್ಯಾಕರಣವನ್ನು ಅವರು ಪ್ರಕಟಿಸಿದರು. ಪರಭಾಷೆಯ ಭೂತಕಾಲವನ್ನು ಆ ಭಾಷೆಯವರ ಶಾಸ್ತ್ರದಿಂದಲೇ ಅರಿಯಬೇಕೆಂಬ ವಿವೇಕವು ಅವರಿಗಿದ್ದಿತು.

ಕನ್ನಡದ ಬಾಲಕರು ಇಂಗ್ಲಿಷನ್ನು ಕಲಿಯಹೊರಟಾಗ ಇಂತಹ ವಿವೇಕದ ನೆರವು ಅವರಿಗೆ ಸಾಲದಾಯಿತು. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯನ್ನು ಸ್ಥಾಪಿಸಿದರು. 1854ರ ವುಡ್ಡನ ರಾಯಸವು ಇಂಡಿಯಾ ದೇಶದ ವಿದ್ಯಾಭ್ಯಾಸಕ್ಕೆ ಹೊಸ ಏರ್ಪಾಡನ್ನು ಸೂಚಿಸಿತು. ರೈಸರು ವಿದ್ಯಾ ಇಲಾಖೆಯಲ್ಲಿದ್ದ ಕಾಲದಲ್ಲಿ, 1868ರಲ್ಲಿ, ಹೋಬಳಿಗೊಂದು ಶಾಲೆಯೆಂಬ ಯೋಜನೆಯು ಮೈಸೂರು ಸೀಮೆಯಲ್ಲಿ ಹೊರಟಿತು. ಅದು ದೇಶಭಾಷೆಯ ವಿದ್ಯೆಗೆ ಆದುದು. ಇಂಗ್ಲಿಷನ್ನು ಬಯಸಿದ ಹಳ್ಳಿಯ ಹುಡುಗನು ಅಲ್ಲಿ ಕನ್ನಡದಲ್ಲಿ ಕೈ ಕುದುರಿದ ಮೇಲೆ ದೊಡ್ಡ ಊರಿನ ಎ. ವಿ. ಸ್ಕೂಲಿಗೆ ಬುತ್ತಿ ಕಟ್ಟಿಕೊಂಡು ಹೋಗಬೇಕಾಗಿತ್ತು. ಅಲ್ಲಿ ಕಾದಿರುತ್ತಿದ್ದುದು ಮೂರು ರೂಪಗಳ ಪಟ್ಟಿ. ಪಾಠಶಾಲೆಯಲ್ಲಿ ಶಬ್ದರೂಪಾವಳಿಯನ್ನು ಉರುಹೊಡೆಯುವಂತೆಯೇ ಇದನ್ನೂ ಉರುಹೊಡೆಯುವುದು ವಾಡಿಕೆಯಾಯಿತು. ಮೊದಲು ನೆಸ್‌ಫೀಲ್ಡನ ವ್ಯಾಕರಣವೂ, 1930ರ ದಶಕದಿಂದ ಈಚೆಗೆ ರೆನ್ ಮತ್ತು ಮಾರ್ಟಿನ್ನರ ಪುಸ್ತಕವೂ ಮನೆಮನೆಗೆ ಬಂದುವು. ರೂಪಗಳು ಕಂಠಸ್ಥವಾದುವು, ಪ್ರಯೋಗದಲ್ಲಿ ಮಾತ್ರ ತಪ್ಪುಗಳು ಉಳಿದುವು.

ಆ ತಪ್ಪುಗಳು ಎಂತಹವೆಂಬುದನ್ನು ವಿಚಾರಿಸೋಣವಾಗಲಿ. ಕನ್ನಡಿಗನು ‘ನಿನ್ನೆಯೇ ಹಣ ಕೊಟ್ಟಿದ್ದೇನೆ’ ಎನ್ನುವನು. ಕೊಟ್ಟುದರ ಫಲವು ಇಂದಿಗೂ ನಿಂತಿರುವುದರಿಂದ ಇದು ಕನ್ನಡದಲ್ಲಿ ನಿರ್ದುಷ್ಟವಾದ ಮಾತು. ಅದನ್ನೇ ಹುಡುಗನು ‘ಐ ಹ್ಯಾವ್ ಪೇಯ್ಡ್ ದಿ ಮನಿ ಎಸ್ಟರ್‌ಡೇ’ ಎಂದು ಬರೆದರೆ ಕೆಂಪು ಮಸಿಯ ಗೆರೆ ಬೀಳುವುದು. ಕಾರಣವೇನು? ಇಂಗ್ಲಿಷಿನಲ್ಲಿ ನಿನ್ನೆ, ಹೋದ ವರ್ಷ ಎಂದು ಕಳೆದ ಕಾಲದ ಹೆಸರನ್ನು ಎತ್ತಿದ ಕೂಡಲೇ ಇಂದಿನ ಸಂಬಂಧವು ಕಡಿದುಹೋಗುವುದು. ಆಗ ‘ಪೇಯ್ಡ್’ ಎಂಬ ಶುದ್ಧ ಭೂತವೇ ಬರತಕ್ಕದ್ದು. ಕಾಲದ ಹೆಸರನ್ನು ಹೇಳದೆ ಫಲವನ್ನು ಮಾತ್ರ ಹೇಳುವಾಗ ‘ಹ್ಯಾವ್ ಪೇಯ್ಡ್’ ಸಲ್ಲುವುದು. ಪಾಣಿನಿಯು ಇಂದೋ ಅಲ್ಲವೋ ಎಂದು ಕೇಳಿದನು. ಕನ್ನಡವು ಫಲವು ಉಳಿದಿದೆಯೋ ಇಲ್ಲವೋ ಎಂದು ಕೇಳುತ್ತದೆ. ಇಂಗ್ಲಿಷು ಕಳೆದ ಕಾಲವನ್ನು ಹೆಸರಿಸಿತೋ ಇಲ್ಲವೋ ಎಂಬುದನ್ನೂ ಸೇರಿಸಿ ಕೇಳುತ್ತದೆ. ಒಂದರ ಪ್ರಶ್ನೆಗೆ ಇನ್ನೊಂದರ ಉತ್ತರವನ್ನು ಕೊಟ್ಟುದೇ ಹುಡುಗನ ಅಪರಾಧ.

ಎರಡನೆಯದು ಅನುವಾದೋಕ್ತಿಯ ತಪ್ಪು. ‘ನಾಳೆ ಬರುತ್ತೇನೆ ಎಂದು ರಾಮನು ಹೇಳಿದನು’ ಎಂಬಲ್ಲಿ ರಾಮನ ಮಾತು ಅವನ ಬಾಯಿಂದ ಬಂದಂತೆಯೇ ನಿಲ್ಲುವುದು. ಸಂಸ್ಕೃತದ ‘ಇತಿ’ಯೂ ಹೀಗೆಯೇ. ಇಂಗ್ಲಿಷಿನಲ್ಲಿ ಮುಖ್ಯಕ್ರಿಯೆಯು ಭೂತವಾದರೆ ಒಳಗಿನ ಕ್ರಿಯೆಯೂ ಅದರ ಬೆನ್ನಹಿಂದೆ ಭೂತಕ್ಕೆ ಸರಿಯಬೇಕು. ‘ವಿಲ್’ ಎಂಬುದು ‘ವುಡ್’ ಆಗಬೇಕು, ‘ಐ’ ಎಂಬುದು ‘ಹಿ’ ಆಗಬೇಕು. ಮೂರನೆಯದು ‘ಡಿಡ್ ನಾಟ್ ವೆಂಟ್’ ಎಂಬ ಪ್ರಸಿದ್ಧವಾದ ದೋಷ. ಇದಕ್ಕೆ ಮಾತ್ರ ಕನ್ನಡವನ್ನು ದೂರುವಂತಿಲ್ಲ. ಕನ್ನಡಿಗನು ‘ಹೋದನು’ ಎಂದರೂ ನಿಷೇಧದಲ್ಲಿ ‘ಹೋಗಲಿಲ್ಲ’ ಎಂದೇ ಹೇಳುವನು. ಇಲ್ಲಿ ‘ಹೋಗು’ ಎಂಬ ಧಾತುವು ತನ್ನ ಭೂತಚಿಹ್ನೆಯನ್ನು ಕಳಚಿಟ್ಟಿದೆ. ಇಂಗ್ಲಿಷಿನ ‘ಡಿಡ್ ನಾಟ್ ಗೋ’ ಎಂಬಲ್ಲಿಯೂ ಮುಖ್ಯಧಾತುವು ಹಾಗೆಯೇ ಬರಿದಾಗಿ ನಿಲ್ಲುವುದು. ‘ಹೋದಲಿಲ್ಲ’ ಎಂದು ಯಾವ ಕೂಸೂ ಹೇಳುವುದಿಲ್ಲವಷ್ಟೆ! ಇದೊಂದು ಮಾತನ್ನು ಹೇಳಿಕೊಟ್ಟಿದ್ದರೆ ಎಷ್ಟೋ ಹುಡುಗರು ಬೆತ್ತದ ಏಟಿನಿಂದ ಪಾರಾಗುತ್ತಿದ್ದರು. ತಾಯ್ನುಡಿಯು ಕೆಲವೆಡೆ ತಪ್ಪಿಗೆ ಕಾರಣವಾದಂತೆ ಕೆಲವೆಡೆ ಅದರ ಮದ್ದೂ ಆಗಿರುವುದು.

ಇಂಗ್ಲಿಷಿನ ಚರಿತ್ರೆಯು ತಿಳಿದಿದ್ದರೆ ಆ ಮೂರು ರೂಪಗಳ ಪಟ್ಟಿಯೂ ಅಷ್ಟು ನೀರಸವಾಗಿ ತೋರುತ್ತಿರಲಿಲ್ಲ. ‘ವಾಕ್ಡ್’, ‘ಲವ್ಡ್’ ಎಂಬಲ್ಲಿಯ ಕೊನೆಯ ಡಕಾರವು ‘ಮಾಡಿದನು’ ಎಂಬರ್ಥದ ‘ಡಿಡ್’ ಎಂಬ ಪದಕ್ಕೆ ಸಂಬಂಧಿಸಿದುದೆಂದು ಬಹುಮಂದಿ ವಿದ್ವಾಂಸರ ಮತ. ಈ ಮತದಂತೆ ‘ಡಿಡ್ ವಾಕ್ಡ್’ ಎನ್ನುವವನು ಒಂದೇ ಭೂತವನ್ನು ಎರಡು ಸಾರಿ ಹೇಳಿದಂತಾಯಿತು. ‘ಸಿಂಗ್, ಸ್ಯಾಂಗ್’, ‘ಬೈಂಡ್, ಬೌಂಡ್’ ಎಂದು ಸ್ವರವು ಬದಲಾಗುವ ಪದಗಳ ವಂಶವು ಇನ್ನೂ ಪ್ರಾಚೀನವಾದುದು. ಇಂಗ್ಲಿಷಿಗೂ ಸಂಸ್ಕೃತಕ್ಕೂ ಮೂಲವು ಒಂದೇ ಇರಬೇಕೆಂದು 1786ರಲ್ಲಿ ಸರ್ ವಿಲಿಯಂ ಜೋನ್ಸನು ಕಲಕತ್ತೆಯಲ್ಲಿ ಸಾರಿದನು. ಆ ಮೂಲಭಾಷೆಯ ಯಾವ ರೂಪದಿಂದ ಸಂಸ್ಕೃತದ ಲಿಟ್ ಬಂದಿತೋ ಅದರಿಂದಲೇ ಈ ಸ್ವರಭೇದದ ಭೂತವೂ ಬಂದಿತು. ಸಂಸ್ಕೃತದ ‘ಬಬಂಧ’ವೂ ಇಂಗ್ಲಿಷಿನ ‘ಬೌಂಡ್’ ಎಂಬುದೂ ದಾಯಾದಿಗಳು. ಪಾಠಶಾಲೆಯ ವಿದ್ಯಾರ್ಥಿಯೂ ಎ. ವಿ. ಸ್ಕೂಲಿನ ಹುಡುಗನೂ ಅರಿಯದೆಯೇ ಒಂದು ಮನೆತನದ ಪದಗಳನ್ನು ಒಪ್ಪಿಸುತ್ತಿದ್ದರು. ‘ವೆಂಟ್’ ಎಂಬುದಾದರೋ ‘ಗೋ’ ಎಂಬುದರ ಸ್ವಂತ ಮಗುವಲ್ಲ. ‘ವೆಂಡ್’ ಎಂಬ ಬೇರೊಂದು ಧಾತುವಿನಿಂದ ದತ್ತಕ ಬಂದುದು. ಆದರೆ ಕನ್ನಡದ ದಕಾರವನ್ನೂ ಇಂಗ್ಲಿಷಿನ ಡಕಾರವನ್ನೂ ಕಂಡು ಇವೂ ನಂಟರೆಂದು ಹೇಳುವುದು ಸಲ್ಲದು. ಕನ್ನಡವು ಬೇರೆ ವಂಶದ ಭಾಷೆಯೆಂಬುದು 1856ರಲ್ಲಿ ಕಾಲ್ಡ್‌ವೆಲ್ಲರ ದ್ರಾವಿಡ ತೌಲನಿಕ ವ್ಯಾಕರಣವು ಪ್ರಕಟವಾದಂದಿನಿಂದ ಸುಪ್ರಸಿದ್ಧವಾಗಿದೆ.

ಕೊನೆಯದಾಗಿ, ಮೊದಲು ಹೇಳಿದ ಎರಡನೆಯ ವೇಷ, ಎಂದರೆ ಕಥೆಯ ‘ಅಂತೆ’ ಉಳಿದಿದೆ. ಸಂಸ್ಕೃತದಲ್ಲಿ ಕಾಲಕ್ರಮದಿಂದ ಮೂರು ಭೂತಗಳ ಭೇದವು ಮಸುಳಿಸಿ, ಕವಿಗಳು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಸ್ವಚ್ಛಂದವಾಗಿ ಬಳಸತೊಡಗಿದರು. ಪಾಣಿನಿಯು ಕಾಪಾಡಹೊರಟ ಪ್ರತ್ಯಕ್ಷ ಪರೋಕ್ಷ ವಿವೇಕವು ಸಂಸ್ಕೃತದಲ್ಲಿ ಸಡಿಲವಾದರೂ ಕನ್ನಡದ ಹಳ್ಳಿಯ ಮಾತಿನಲ್ಲಿ ದೃಢವಾಗಿದೆ. ‘ಬಂದನು’ ಎಂದರೆ ಹೇಳುವವನೇ ಅದಕ್ಕೆ ಹೊಣೆ. ‘ಬಂದನಂತೆ’ ಎಂದರೆ ಕೇಳಿದುದು, ಹೊಣೆ ಬೇರೊಬ್ಬನದು. ಒಂದಕ್ಷರವನ್ನೂ ಓದದ ಮುದುಕಿಯು ಈ ಭೇದದಲ್ಲಿ ತಪ್ಪುವುದಿಲ್ಲ. ಇಂಗ್ಲಿಷಿನ ಕ್ರಿಯಾಪದದಲ್ಲಿ ಇದಕ್ಕೆ ಪ್ರತ್ಯಯವೇ ಇಲ್ಲ; ‘ಹಾಗೆಂದು ಹೇಳುತ್ತಾರೆ’ ಎಂಬರ್ಥದ ಮಾತನ್ನು ಬೇರೆಯಾಗಿ ಸೇರಿಸಬೇಕು.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಕಿಟ್ಟೆಲ್ಲರ ಶಬ್ದಮಣಿದರ್ಪಣವು ಹೊರಟ 1872ನೆಯ ಇಸವಿಯಲ್ಲಿಯೇ ಇಂಡಿಯಾ ಸಾಕ್ಷ್ಯದ ಕಾಯಿದೆಯೂ ಹುಟ್ಟಿತು. ಬಾಯಿಮಾತಿನ ಸಾಕ್ಷ್ಯವು ಪ್ರತ್ಯಕ್ಷವಾಗಿರಬೇಕು, ಕಂಡ ಸಂಗತಿಯಾದರೆ ಕಂಡವನೇ ಹೇಳಬೇಕು ಎಂದು ಅದು ವಿಧಿಸಿತು. 2024ರ ಜುಲೈ ತಿಂಗಳಿನಿಂದ ಅದರ ಸ್ಥಾನದಲ್ಲಿ ಹೊಸ ಕಾಯಿದೆಯು ಜಾರಿಗೆ ಬಂದರೂ ಈ ನಿಯಮವು ಹಾಗೆಯೇ ಇದೆ. ಹಳ್ಳಿಯ ಸಾಕ್ಷಿಯು ಕಟಕಟೆಯಲ್ಲಿ ‘ರಾತ್ರಿ ಅವನು ಬಂದನಂತೆ’ ಎಂದುದನ್ನು ಭಾಷಾಂತರಕಾರನು ಇಂಗ್ಲಿಷಿನ ಬರಿಯ ಭೂತಕ್ರಿಯೆಯಿಂದ ‘ಹಿ ಕೇಮ್’ ಎಂದು ಬರೆದುಬಿಟ್ಟರೆ, ಕೇಳಿದವನು ಕಂಡವನಾಗುವನು. ಇಂಗ್ಲಿಷಿನ ವ್ಯಾಕರಣದಂತೆ ಆ ವಾಕ್ಯದಲ್ಲಿ ದೋಷವೊಂದೂ ಇಲ್ಲ. ಸತ್ಯದ ದೃಷ್ಟಿಯಿಂದ ಅದು ಘೋರವಾದ ಅಪಪ್ರಯೋಗ. ಒಬ್ಬನ ಸೆರೆಯೋ ಬಿಡುಗಡೆಯೋ ಆ ಎರಡಕ್ಷರದ ‘ಅಂತೆ’ಯನ್ನು ಅವಲಂಬಿಸಿರಬಹುದು.

ಗ್ರಾಮಚರಿತ್ರೆಗೂ ಇದೇ ಒರೆಗಲ್ಲು. ಪ್ರತಿಯೊಂದು ಊರಿಗೂ ಕೆರೆಯನ್ನು ಕಟ್ಟಿಸಿದವರ, ಕೋಟೆಯನ್ನು ಆಳಿದವರ, ಊರಿಗೆ ಹೆಸರಿಟ್ಟವರ ಕಥೆಗಳುಂಟು. ಅವು ಪೂಜ್ಯವಾದುವು, ಆದರೆ ಅವೆಲ್ಲ ‘ಅಂತೆ’ಯ ಭೂತಗಳು. ಶಾಸನದ ಕಲ್ಲು ಮಾತ್ರ ‘ಬಿಟ್ಟರು’ ಎನ್ನುವುದು, ‘ಬಿಟ್ಟರಂತೆ’ ಎನ್ನುವುದಿಲ್ಲ. ಸ್ಥಳಪುರಾಣವನ್ನು ಬರೆಯುವವರು ‘ಅಂತೆ’ಯನ್ನು ಅಳಿಸಿ ಶಾಸನದ ಭೂತವನ್ನು ಅದರ ಸ್ಥಾನದಲ್ಲಿ ಇಟ್ಟರೆ ಕಥೆಯು ಚರಿತ್ರೆಯ ವೇಷವನ್ನು ಧರಿಸಿ ಮುಂದಿನ ತಲೆಮಾರನ್ನು ಮೋಸಗೊಳಿಸುವುದು. ಕಲ್ಲನ್ನು ಓದದೆ ಬಿಟ್ಟರೆ ಚರಿತ್ರೆಯೇ ಕಥೆಯಾಗಿ ಕರಗಿಹೋಗುವುದು.

ಆದುದರಿಂದ ಮಕ್ಕಳಿಗೆ ಇಂಗ್ಲಿಷಿನ ಭೂತಕಾಲವನ್ನು ಕಲಿಸುವ ಮನೆಗಳಲ್ಲಿ ಮೊದಲು ಕನ್ನಡದ ಭೂತಕಾಲವನ್ನು ಕಲಿಸುವುದು ಶ್ರೇಯಸ್ಕರ. ‘ಕೊಟ್ಟೆನು’, ‘ಕೊಟ್ಟಿದ್ದೇನೆ’, ‘ಕೊಟ್ಟೆನಂತೆ’ ಎಂಬ ಮೂರರ ಭೇದವನ್ನು ತಿಳಿದ ಮಗುವಿಗೆ ಇಂಗ್ಲಿಷಿನ ಪಟ್ಟಿಯು ಭಾರವಾಗದು. ಆ ಭಾಷೆಯು ಬೇರೆ ಪ್ರಶ್ನೆಯನ್ನು ಕೇಳುತ್ತಿದೆಯೆಂದು ಅರಿತು ಅದಕ್ಕೆ ತಕ್ಕ ಉತ್ತರವನ್ನು ಕೊಡುವುದು. ಇಂದು ಹಳ್ಳಿಯ ಮಕ್ಕಳಿಗೆ ಇಂಗ್ಲಿಷಿಗಾಗಿ ಬುತ್ತಿ ಕಟ್ಟಿಕೊಂಡು ದೂರ ಹೋಗಬೇಕಾದ ಕಷ್ಟವಿಲ್ಲ. ಊರ ಕಲ್ಲಿನ ಮೇಲಿರುವ ‘ಕೊಟ್ಟರು’ ಎಂಬುದನ್ನು ಓದಿ ಹೇಳುವವರು ಮಾತ್ರ ಆ ಮಕ್ಕಳಿಗೆ ಬೇಕಾಗಿದ್ದಾರೆ.